ಹತ್ತು ಪೌಂಡಿನ ಪಾದ್ರಿ ಮನೆ ಮತ್ತು ನಮ್ಮ ನಾಗಾವಿ

ಚಿತ್ತಾಪುರದ ಪಕ್ಕದ ನಾಗಾವಿಗೆ ಹೋದವರು ಅರವತ್ತು ಕಂಬದ ಗುಡಿ ನೋಡಿಯೇ ಇರ್ತೀರಿ, ಸೆಲ್ಫಿನೂ ತೆಗೆದಿರ್ತೀರಿ. ಅಲ್ಲಿ ಸಿಕ್ಕ 1058ರ ಶಾಸನದಾಗ ಒಂದು ಲೆಕ್ಕ ಅದ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲ. ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ. ವೇದ ಓದುವ 200 ಹುಡುಗರು, ಶಾಸ್ತ್ರ ಓದುವವರು ಬೇರೆ, ಅವರಿಗೆ ಗುರುಗಳು. ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು, ಅಂದ್ರೆ ಇವತ್ತಿನ ಭಾಷೆಯಲ್ಲಿ ಲೈಬ್ರರಿಯನ್‌ಗಳು!

ಸರಿ, ಇಷ್ಟು ಮಂದಿ ರಾತ್ರಿ ಮಲಗ್ತಿದ್ದದ್ದು ಎಲ್ಲಿ? ಗುರುಗಳ ಮನೆ ತೋರಿಸಿ ಅಂದ್ರೆ ಯಾರೂ ತೋರಿಸಲಾರರು. ದೇವರ ಮನೆ ಕಲ್ಲಿನದು, ಉಳೀತದ. ಮನುಷ್ಯರ ಮನೆ ಮಣ್ಣು, ಕಟ್ಟಿಗೆ. ನಾಲ್ಕು ಮಳೆಗಾಲ ಸೋರಿದ್ರೆ ಮುಗೀತು.

ಅದಕ್ಕೇ ಇಂಗ್ಲೆಂಡಿನ ಒಂದು ಮನೆ ಸುದ್ದಿ ಹೇಳಬೇಕು. ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ ಅನ್ನೋ ಹಳ್ಳಿ, ಚರ್ಚಿನ ಪಕ್ಕದಾಗ ಪಾದ್ರಿಗಳ ಮನೆ. 14ನೇ ಶತಮಾನದ್ದು. ಓಕ್ ಮರದ ಚೌಕಟ್ಟು, ನಡುವೆ ಹೆಣೆದ ಕಡ್ಡಿ, ಮೇಲೆ ಮಣ್ಣಿನ ಮೆತ್ತುಗೆ, ಹುಲ್ಲಿನ ಚಾವಣಿ. ನಮ್ಮ ಗುಡಿಸಲಿನ ದೊಡ್ಡಣ್ಣ ಅನ್ರಿ. ನಡುವೆ ಒಂದು ಎತ್ತರದ ಹಾಲ್, ಮ್ಯಾಲೆ ಮಾಳಿಗೆ ಇಲ್ಲ, ತಲೆ ಎತ್ತಿದರೆ ಸೀದಾ ಚಾವಣಿಯ ತೊಲೆಗಳೇ ಕಾಣ್ತಾವ. ಕಟ್ಟಿದ ಕಾಲಕ್ಕೆ ಒಲೆ ಹಾಲಿನ ನಡುವೆಯೇ ಉರೀತಿತ್ತು, ಚಿಮಣಿ ಬಂದದ್ದು ಆಮೇಲೆ. ಹಾಲಿನ ಎರಡೂ ಕಡೆ ಎರಡಂತಸ್ತಿನ ಕೋಣೆಗಳು.

ನನಗೆ ಬಾಳ ಹಿಡಿಸಿದ್ದು ಅದರ ನೆಲ. ಸೀಮೆಸುಣ್ಣದ ಕಲ್ಲು ಪುಡಿ ಮಾಡಿ, ಕುಟ್ಟಿ, ಮ್ಯಾಲೆ ಹುಳಿ ಹಾಲು ಹೊಯ್ದು ಗಟ್ಟಿ ಮಾಡಿದ್ದು. ನಾವು ಸೆಗಣಿ ಸಾರಿಸ್ತೀವಿ, ಅವರು ಹಾಲು ಸುರಿದ್ರು! ಮಜಾ ಏನಂದ್ರೆ ಸೀಮೆಸುಣ್ಣದ ಕಲ್ಲೂ ಸುಣ್ಣದಕಲ್ಲೇ, ನಮ್ಮ ಶಹಾಬಾದ್ ಫರಸಿಯೂ ಸುಣ್ಣದಕಲ್ಲೇ. ವಾಡಿ, ಸೇಡಂನ ಸಿಮೆಂಟ್ ಫ್ಯಾಕ್ಟರಿಗಳು ಅರೆಯೋದೂ ಅದನ್ನೇ.

19ನೇ ಶತಮಾನದ ಕೊನೆಗೆ ಆ ಮನೆ ಕುಸಿಯೋ ಹಂತಕ್ಕೆ ಬಂತು, ಕೆಡವೋ ಮಾತೂ ಆಯ್ತು. ಊರಿನ ಪಾದ್ರಿಯೇ ಅದನ್ನು ಉಳಿಸಲು ಓಡಾಡಿದ. ನ್ಯಾಷನಲ್ ಟ್ರಸ್ಟ್ ಆಗಷ್ಟೇ, 1895ರಲ್ಲಿ, ಹುಟ್ಟಿತ್ತು. 1896ರಲ್ಲಿ ಬರೀ 10 ಪೌಂಡ್ ಕೊಟ್ಟು ಈ ಮನೆ ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡ ಇದೇ. ರಿಪೇರಿಗೆ ಅದರ ಎಷ್ಟೋ ಪಟ್ಟು ಖರ್ಚಾಯ್ತು ಅನ್ನೋದು ಬೇರೆ ಮಾತು. ಟ್ರಸ್ಟ್ ಸ್ಥಾಪಿಸಿದ ಮೂವರಲ್ಲಿ ಒಬ್ಬಳಾದ ಆಕ್ಟೇವಿಯಾ ಹಿಲ್ ಇದಕ್ಕೆ ದುಡ್ಡು ಕೂಡಿಸಿದಳು. ಅರಮನೆ ಅಲ್ಲ, ಕೋಟೆ ಅಲ್ಲ, ಹುಲ್ಲಿನ ಮನೆಗೆ! ಅದು ಇವತ್ತಿಗೂ ನಿಂತಿದೆ.

ಚಿಂಚೋಳಿ, ಸೇಡಂ ಕಡೆ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸ್ತಿದ್ದಾರೆ. ಬ್ಯಾಡ ಅನ್ನೋಕೆ ನಾವ್ಯಾರು? ಸೋರೋ ಮನೆಯಾಗ ಇರೋರಿಗೇ ಅದರ ಕಷ್ಟ ಗೊತ್ತು. ಆದ್ರೆ ಕೆಡವೋ ಮುಂಚೆ ತೊಲೆ, ಕಂಬ, ಬೆಳಕಿಂಡಿ, ನೆಲದ ಫರಸಿ ಒಂದೊಂದು ಫೋಟೋ ತೆಗೀರಿ. ಕಟ್ಟಿದ್ದು ಯಾರು, ಕಟ್ಟಿಗೆ ಎಲ್ಲಿಂದ ಬಂತು ಅಂತ ಮನೆಯ ಮುತ್ಯಾನ್ನ ಕೇಳಿ, ಫೋನ್‌ನಾಗೇ ರೆಕಾರ್ಡ್ ಮಾಡಿಡ್ರಿ.