ಟೇಲರ್‌ನ ಗಡಿಯಾರ ಮತ್ತು 45 ಟನ್ ಕಬ್ಬಿಣ

ಲೋಲಕದ ಆಂದೋಲನ ಕಾಲ ಅಳೆಯಲು ನಾವು ಸ್ಟಾಪ್‌ವಾಚ್ ಬಳಸುತ್ತೇವೆ. ಅದನ್ನೇ ದುಡಿಯುವವರ ಕೈಕಾಲುಗಳ ಚಲನೆಗೆ ಹಿಡಿದವನು ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ವಿನ್ಸ್ಲೊ ಟೇಲರ್ (1856–1915). ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಬಿಡಿಸುವುದು, ಒಂದೊಂದರ ಕಾಲ ಅಳೆಯುವುದು, ವ್ಯರ್ಥವಾದವನ್ನು ಕೈಬಿಟ್ಟು ಉಳಿದುದನ್ನು ಎಲ್ಲರಿಗೂ ಮಾದರಿಯಾಗಿ ನಿಗದಿ ಮಾಡುವುದು – ಇದು ಅವನ ವಿಧಾನ. ಸಲಿಕೆಯಲ್ಲಿ ಒಮ್ಮೆಗೆ ಸುಮಾರು 21 ಪೌಂಡ್ (9.5 ಕಿ.ಗ್ರಾಂ) ಎತ್ತಿದರೆ ದಿನದ ಕೆಲಸ ಗರಿಷ್ಠವಾಗುತ್ತದೆಂದು ಕಂಡುಕೊಂಡು, ಭಾರದ ಅದುರಿಗೆ ಚಿಕ್ಕ ಸಲಿಕೆ, ಹಗುರ ವಸ್ತುವಿಗೆ ದೊಡ್ಡ ಸಲಿಕೆ ಮಾಡಿಸಿದ. ಇದು ನಿಜಕ್ಕೂ ಒಳ್ಳೆಯ ಕೆಲಸ.

ಆದರೆ ಅವನಿಗೆ ಹೆಸರು ತಂದದ್ದು ಬೇರೊಂದು ಕಥೆ. 1899ರಲ್ಲಿ ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗಳು 92 ಪೌಂಡ್ (ಸುಮಾರು 42 ಕಿ.ಗ್ರಾಂ) ತೂಕದ ಬೀಡು ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ವ್ಯಾಗನ್ನಿಗೆ ತುಂಬುತ್ತಿದ್ದರು. ದಿನಕ್ಕೆ ತಲಾ 12.5 ಟನ್. ಟೇಲರ್ ಹೇಳಿದಂತೆ ನಡೆದು, ಹೇಳಿದಾಗ ವಿಶ್ರಮಿಸಿದ ‘ಶ್ಮಿಟ್’ ಎಂಬಾತ 47.5 ಟನ್ ತುಂಬಿದನೆಂದು 1911ರ ಅವನ ಪುಸ್ತಕ ಹೇಳುತ್ತದೆ. ಅಂದರೆ ಸುಮಾರು 1,150 ಗಟ್ಟಿಗಳು. ಹತ್ತು ಗಂಟೆಯ ದಿನದಲ್ಲಿ ಅರ್ಧ ನಿಮಿಷಕ್ಕೊಂದು! ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು. ಕೆಲಸ 3.8 ಪಟ್ಟು, ಕೂಲಿ 1.6 ಪಟ್ಟು.

ಈ ಗುರಿ ಬಂದದ್ದೆಲ್ಲಿಂದ? ರೆಗೆ ಮತ್ತು ಪೆರೋನಿ ಎಂಬ ಸಂಶೋಧಕರು 1974ರಲ್ಲಿ ಹಳೆಯ ದಾಖಲೆಗಳನ್ನು ಕೆದಕಿದರು. ಆಯ್ದ ಬಲಿಷ್ಠರಿಂದ ಸ್ವಲ್ಪ ಹೊತ್ತು ಶಕ್ತಿಮೀರಿ ಕೆಲಸ ಮಾಡಿಸಿ, ಆ ವೇಗದಲ್ಲಿ ದಿನಕ್ಕೆ 75 ಟನ್ ಆಗುತ್ತದೆಂದು ಲೆಕ್ಕ ಹಾಕಲಾಗಿತ್ತು. ಅದರಲ್ಲಿ ವಿಶ್ರಾಂತಿಗೆಂದು ಶೇಕಡ 40 ಕಳೆದರೆ 45 ಟನ್. ಕಬ್ಬಿಣವನ್ನು ತೂಗಿದ್ದರು, ಕಾಲವನ್ನು ಅಳೆದಿದ್ದರು. ಆ 40 ಮಾತ್ರ ಅಂದಾಜು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಯಾವುದಾದರೂ ಸ್ಥಿರಾಂಕವನ್ನು ಹೀಗೆ ಬರೆದರೆ ಯಾವ ಅಧ್ಯಾಪಕರೂ ಒಪ್ಪಲಾರರು. ಮನುಷ್ಯನ ಆಯಾಸವೇ ಆ ಸಂಖ್ಯೆಯೊಳಗೆ ಅಡಗಿತ್ತು.

ಕೆಲಸಗಾರರಿಗೆ ಇದು ತಿಳಿಯದೇ ಇರಲಿಲ್ಲ. 1911ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಸೇನಾ ಕಾರ್ಖಾನೆಯಲ್ಲಿ ಎರಕದ ಅಚ್ಚು ಕಟ್ಟುವವನೊಬ್ಬ ಗಡಿಯಾರದ ಮುಂದೆ ದುಡಿಯಲು ಒಪ್ಪಲಿಲ್ಲ. ಅವನನ್ನು ಕೆಲಸದಿಂದ ತೆಗೆದಾಗ ಜೊತೆಗಾರರು ಹೊರನಡೆದರು. ಸಂಸತ್ತು ವಿಚಾರಣಾ ಸಮಿತಿ ನೇಮಿಸಿತು. 1912ರ ಜನವರಿಯಲ್ಲಿ ಟೇಲರ್ ಅದರೆದುರು ಸಾಕ್ಷ್ಯ ನುಡಿದ. ಅವನು ತೀರಿಕೊಂಡ 1915ರಲ್ಲೇ ಸೇನೆಯ ಹಣದಿಂದ ನಡೆಯುವ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯುವುದನ್ನು ಸಂಸತ್ತು ನಿಷೇಧಿಸಿತು. ಆ ನಿಷೇಧ 1949ರವರೆಗೂ ಉಳಿಯಿತು.