ಚನ್ನಪಟ್ಟಣಕ್ಕೆ ಇಟಲಿಯವನು ಯಾಕೆ ಬಂದ?

ಅಡ್ವಾನ್ಸ್ಡ್ ಮೆಟೀರಿಯಲ್ಸ್. ವಿಶ್ವವಿದ್ಯಾಲಯಗಳ ಒಪ್ಪಂದ. ಫೆಲೋಶಿಪ್ ಇರುವ ಸಂಶೋಧನಾ ಹುದ್ದೆ. ಈ ಮಾತುಗಳು ಪರದೆಯ ಕೆಳಪಟ್ಟಿಯಲ್ಲಿ ಹರಿಯುವಾಗ ಮೇಲೆ ಇಬ್ಬರು ಕುಲಪತಿಗಳು ನಗುನಗುತ್ತಾ ಫೈಲು ಬದಲಾಯಿಸಿಕೊಳ್ತಿರ್ತಾರೆ. ಸಂತೋಷ. ನಾನು ಕೇಳೋದು ಒಂದೇ: ಆ ಮೆಟೀರಿಯಲ್ ಎಲ್ಲಿದೆ, ಸಂಶೋಧಕ ಎಲ್ಲಿ ಕೂರ್ತಾನೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ಜಿಲ್ಲೆಯಾಯ್ತು. ಇಲ್ಲಿ ಏನಿಲ್ಲ ಹೇಳಿ? ಕಾಲ ಕೆಳಗಿನ ಬಂಡೆಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಕ್ಲೋಸ್‌ಪೇಟ್ ಗ್ರಾನೈಟ್. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಯಲ್ಲೇ ಬಣ್ಣ ಕರಗಿಸಿ ಕೂರಿಸ್ತಾರೆ. ಅದೂ ಪಾಲಿಮರ್ ವಿಜ್ಞಾನವೇ ಸ್ವಾಮಿ! ಇನ್ನು ರೇಷ್ಮೆ. ಏಷ್ಯಾದಲ್ಲೇ ದೊಡ್ಡದು ಎನಿಸಿಕೊಂಡ ಗೂಡಿನ ಮಾರುಕಟ್ಟೆ ರಾಮನಗರದ್ದು.

ಈಗ ನೂರು ವರ್ಷ ಹಿಂದೆ ಹೋಗೋಣ. ವಿಶ್ವೇಶ್ವರಯ್ಯನವರು ದಿವಾನರು. ಮೈಸೂರಿನ ರೇಷ್ಮೆಗೆ ರೋಗ ಹಿಡಿದಿತ್ತು. ಪೆಬ್ರಿನ್ ಅಂತ ಅದರ ಹೆಸರು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ. ರೈತ ಮನೆಯಲ್ಲೇ ಬಿತ್ತನೆ ಉಳಿಸಿಕೊಂಡರೆ ರೋಗವನ್ನೂ ಉಳಿಸಿಕೊಂಡ ಹಾಗೆ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1860ರ ದಶಕದಲ್ಲೇ ಮದ್ದು ಹೇಳಿದ್ದರು: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಬಿಸಾಡು. ಇಷ್ಟೇ. ಆದರೆ ಇದನ್ನು ಚನ್ನಪಟ್ಟಣದ ರೈತನಿಗೆ ಮಾಡಿ ತೋರಿಸೋರು ಯಾರು?

ಮೈಸೂರು ಸರ್ಕಾರ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಸಂಬಳ ಕೊಟ್ಟು ಕರೆಸಿತು. 1914ರ ಆಸುಪಾಸಿನಲ್ಲಿ ಚನ್ನಪಟ್ಟಣದಲ್ಲೇ ರೇಷ್ಮೆ ಫಾರ್ಮ್ ಆಯ್ತು. ಗಮನಿಸಿ, ಅರಮನೆ ಪಕ್ಕ ಅಲ್ಲ, ಬೆಂಗಳೂರಿನ ಕಂಟೋನ್ಮೆಂಟಿನಲ್ಲೂ ಅಲ್ಲ. ಹುಳು ಎಲ್ಲಿತ್ತೋ ಅಲ್ಲಿ. ಮುಂದೆ ನವರತ್ನ ರಾಮರಾಯರು ಇಲಾಖೆಯ ಹೊಣೆ ಹೊತ್ತರು. ನಮ್ಮ ಮೈಸೂರು ತಳಿಗೆ ಹೊರದೇಶದ ತಳಿ ಕೂಡಿಸಿದ ಮಿಶ್ರತಳಿ ರೈತರ ತಟ್ಟೆಗೆ ಬಂತು. ಇದನ್ನು ಆಗ ಯಾರೂ 'ಕೊಲಾಬರೇಷನ್' ಅಂತ ಕರೀಲಿಲ್ಲ.

ಅದೇ ಹೊತ್ತಿಗೆ ಗಂಧದೆಣ್ಣೆಯ ಕಥೆಯೂ ನಡೀತು. ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗಿ ಎಣ್ಣೆಯಾಗ್ತಿತ್ತು. 1914ರಲ್ಲಿ ಯುದ್ಧ ಬಂತು, ಕೊಳ್ಳೋರಿಲ್ಲ. ಸರ್ಕಾರ ಹೋಗಿದ್ದು ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಅದಕ್ಕೆ 371 ಎಕರೆ ಕೊಟ್ಟಿದ್ದೂ ಮೈಸೂರೇ. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯೇ ಶುರು. ಕೈಯಲ್ಲಿ ಸರಕು ಇತ್ತು, ತಲೆ ಮೇಲೆ ಕಷ್ಟ ಇತ್ತು, ಖಜಾನೆಯಲ್ಲಿ ದುಡ್ಡು ಇಟ್ಟಿದ್ದರು. ಎರಡೇ ವರ್ಷ ಸಾಕಾಯ್ತು.

ಇವತ್ತು? ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ 1976ರಲ್ಲಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ ಕಟ್ಟಿದರು, 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ. ಜಗತ್ತು ತಲೆದೂಗುವ ಕೆಲಸ, ನಾನು ಅದನ್ನು ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ ರೇಷ್ಮೆ ಸೀರೆಯಷ್ಟೇ ಅಲ್ಲ ಅನ್ನೋದನ್ನ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ತಂಡ ದಶಕಗಳಿಂದ ತೋರಿಸ್ತಾ ಬಂದಿದೆ: ಎಳೆಯ ಫೈಬ್ರಾಯಿನ್ ಪ್ರೋಟೀನನ್ನು ಕರಗಿಸಿ, ಹೊಸ ಜೀವಕೋಶ ಬೆಳೆಯಲು ಬೇಕಾದ ಹಂದರ ಕಟ್ಟುವುದು. ಎಳೆಯ ಸುತ್ತಲಿನ ಅಂಟು ಸೆರಿಸಿನ್. ಹಸಿ ರೇಷ್ಮೆಯ ಸುಮಾರು ಕಾಲು ಭಾಗ ಅದೇ. ರಾಮನಗರದಲ್ಲಿ ಗೂಡು ಬೇಯಿಸಿದ ನೀರಿನ ಜತೆ ಅದರಲ್ಲಿ ಒಂದಿಷ್ಟು ಚರಂಡಿಗೆ ಹೋಗುತ್ತೆ.

ಕೇಂದ್ರದ ಜೂನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ನೂಲು ಬಿಚ್ಚುವವರ ಮನೆಯ ಹುಡುಗಿ ಎಂ.ಎಸ್ಸಿ. ಮುಗಿಸಿದ್ದಾಳೆ ಅಂದ್ಕೊಳ್ಳಿ. ಆಕೆಗೆ ಈ ಹಣ ಸಿಗೋದು ಊರು ಬಿಟ್ಟರೆ. ಅಂಥ ಒಂದು ಹುದ್ದೆಯನ್ನು ರಾಮನಗರದ ಮಾರುಕಟ್ಟೆ ಪಕ್ಕವೇ ಕೂರಿಸಿ, ಮಾರ್ಗದರ್ಶಕರು ಬೆಂಗಳೂರಿನಿಂದ ವಾರಕ್ಕೊಮ್ಮೆ ಬರಲಿ. ಐವತ್ತು ಕಿಲೋಮೀಟರ್ ದಾರಿ ಅಷ್ಟೆ, ಮಾರಿ ಇಟಲಿಯಿಂದ ಬಂದಿದ್ದ. ಮುಂದಿನ ಒಪ್ಪಂದಕ್ಕೆ ಸಹಿ ಬಿದ್ದಾಗ ನಾನು ಕುಲಪತಿಗಳ ಫೋಟೋ ನೋಡಲ್ಲ. 'ಕೆಲಸದ ಸ್ಥಳ' ಅನ್ನುವ ಕಾಲಂನಲ್ಲಿ ಏನು ಬರೆದಿದ್ದಾರೆ ಅಂತ ನೋಡ್ತೀನಿ.