ಭೌತವಿಜ್ಞಾನಕ್ಕೆ ಕನ್ನಡ ದೊರೆತ ಬಗೆ

ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಇನ್ನೂ ಎರಡು ವರ್ಷಗಳಷ್ಟೇ ಕಳೆದಿದ್ದ 1918ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ, ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ತರಗತಿಯಲ್ಲಿ ಇಂಗ್ಲಿಷಿನ ಹೊರತು ಬೇರೊಂದು ಭಾಷೆಯನ್ನರಿಯದಿದ್ದ ಶಾಸ್ತ್ರವೊಂದು, ಕಾಲೇಜಿನ ಮೆಟ್ಟಿಲನ್ನು ಎಂದೂ ತುಳಿಯದ ಗೃಹಸ್ಥನ ಮನೆಯ ಜಗಲಿಗೆ ಅವನ ನುಡಿಯಲ್ಲಿಯೇ ತಲುಪಬೇಕೆಂಬ ಆ ಸಂಕಲ್ಪವು, ಅಂದಿನ ಪರಿಸ್ಥಿತಿಯನ್ನು ನೆನೆದಾಗ, ನನಗೆ ಅತ್ಯಂತ ಧೀರವಾದುದೆಂದು ತೋರುತ್ತದೆ.

ಏಕೆಂದರೆ ಅವರ ಕೈಯಲ್ಲಿ ಶಾಸ್ತ್ರವಿದ್ದಿತೇ ಹೊರತು ಅದನ್ನು ಹೇಳುವ ಮಾತುಗಳಿರಲಿಲ್ಲ. ಪಾರಿಭಾಷಿಕ ಶಬ್ದಗಳ ಕಷ್ಟವೆಂದರೆ ಒಂದು ಇಂಗ್ಲಿಷ್ ಪದಕ್ಕೆ ಪ್ರತಿಯಾಗಿ ಒಂದು ಸಂಸ್ಕೃತ ಪದವನ್ನು ಕೋಶದಿಂದ ಹೆಕ್ಕಿಡುವ ಕೆಲಸವಷ್ಟೇ ಎಂದು ತಿಳಿದವರು ಆ ಕೆಲಸಕ್ಕೆ ಒಮ್ಮೆಯಾದರೂ ಕೈಹಾಕಿ ನೋಡಬೇಕು. ಹೊಸ ಪದಕ್ಕಿಂತಲೂ ಹಳೆಯ ಪದವೇ ಹೆಚ್ಚು ತೊಡಕಿನದು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳನ್ನು ನಾವು ದಿನಬಳಕೆಯಲ್ಲಿ ಒಂದರ ಬದಲು ಇನ್ನೊಂದನ್ನು ಆಡುತ್ತೇವೆ. ಭೌತವಿಜ್ಞಾನಿಗಾದರೋ ಮೂರೂ ಬೇರೆ ಬೇರೆ. ಕಪಿಲೆಯ ಬಾವಿಯ ಮುಂದೆ ನಿಂತು ನೋಡಿದರೆ ಈ ಭೇದವು ಕಣ್ಣಿಗೇ ಕಾಣಿಸುತ್ತದೆ. ಎತ್ತುಗಳು ಇಳಿಜಾರಿನಲ್ಲಿ ಹೆಜ್ಜೆಯಿಡುವಾಗ ಮಿಣಿಯನ್ನು ಬಿಗಿದೆಳೆಯುವುದು ಬಲ. ಹಾಗೆಳೆದು ತುಂಬಿದ ಬಾನಿಯನ್ನು ಬಾವಿಯ ತಳದಿಂದ ದಡಕ್ಕೆ ಏರಿಸುವಷ್ಟು ಕೆಲಸ ಮಾಡಬಲ್ಲುದು ಶಕ್ತಿ. ಅದೇ ಬಾನಿಯನ್ನು ಒಂದು ಜೊತೆ ಎತ್ತುಗಳು ಬೇಗನೆಯೂ ಇನ್ನೊಂದು ಜೊತೆ ನಿಧಾನವಾಗಿಯೂ ಮೇಲೆತ್ತಿದರೆ, ಅಲ್ಲಿ ತೋರುವ ತಾರತಮ್ಯ ಸಾಮರ್ಥ್ಯದ್ದು. ರೈತನು ಇದನ್ನೆಲ್ಲ ಬಲ್ಲ. ಅವನು ಅರಿಯದಿರುವುದು ಇವುಗಳ ಹೆಸರುಗಳ ಕಟ್ಟುನಿಟ್ಟನ್ನು ಮಾತ್ರ. ಜನರು ಆಗಲೇ ಬಲ್ಲುದನ್ನು ಹಿಡಿದು, ಬಲ್ಲ ಮಾತಿಗೆ ಅಳತೆಯ ಅಂಚನ್ನು ಕಟ್ಟುವುದೇ ಇಂಥ ಬರೆಹಗಾರನ ನಿಜವಾದ ಶ್ರಮ.

ವೆಂಕಟನಾರಣಪ್ಪನವರು ಈ ಶ್ರಮಕ್ಕೆ ಅರ್ಹರಾಗಿದ್ದರೆಂಬುದಕ್ಕೆ ಒಂದು ಸಂಗತಿಯೇ ಸಾಕು: ಪಂಪಭಾರತದ ಪರಿಷತ್ ಆವೃತ್ತಿಯನ್ನು ಪರಿಷ್ಕರಿಸಿದವರೂ ಅವರೇ. ಹಳಗನ್ನಡದ ಪಾಠಾಂತರಗಳನ್ನು ಒರೆಹಚ್ಚಿದ ಕಣ್ಣಿಗೂ ತಾಪಮಾಪಕದ ಗೆರೆಗಳನ್ನು ಎಣಿಸಿದ ಕಣ್ಣಿಗೂ ಬೇಕಾದ ಎಚ್ಚರವು ಒಂದೇ ಜಾತಿಯದೆಂದು ನಾನು ನಂಬಿದ್ದೇನೆ. ಆದರೆ ಪತ್ರಿಕೆ ಎರಡೇ ವರ್ಷ ಬಾಳಿ 1919ರ ಹೊತ್ತಿಗೆ ನಿಂತುಹೋಯಿತು. ಅದನ್ನು ಸೋಲೆಂದು ಕರೆಯಲು ನನ್ನ ಮನಸ್ಸೊಪ್ಪುವುದಿಲ್ಲ. 1937ರಲ್ಲಿ ಜಮಖಂಡಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನವು ತನ್ನ ಅಧ್ಯಕ್ಷಪೀಠದಲ್ಲಿ ಭೌತವಿಜ್ಞಾನದ ಈ ಅಧ್ಯಾಪಕರನ್ನೇ ಕುಳ್ಳಿರಿಸಿತಷ್ಟೆ.

ಈ ನಡುವೆ, 1928ರ ಮಾರ್ಚ್ 16ರಂದು, ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಚಂದ್ರಶೇಖರ ವೆಂಕಟರಾಮನ್ನರು ತಾವು ಕಂಡ ಹೊಸ ಬೆಳಕಿನ ವಿಚಾರವನ್ನು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ವಿವರಿಸಿದ್ದು ಇದೇ ಬೆಂಗಳೂರಿನಲ್ಲಿ. ಅದು ವಿದ್ವಾಂಸರ ಸಭೆ. ಇಂಥ ವಿಷಯಗಳು ಊರೂರಿಗೆ ಹರಿಯುವುದಕ್ಕೆ ಬೇರೆ ಕಾಲುವೆ ಬೇಕಾಗಿದ್ದಿತು. ಮೈಸೂರು ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ಹಳ್ಳಿಪಟ್ಟಣಗಳಿಗೆ ಕಳುಹಿಸಿ ಕನ್ನಡದಲ್ಲಿ ಮಾತನಾಡಿಸಿದ ಪ್ರಚಾರೋಪನ್ಯಾಸಗಳೂ ಅವುಗಳಿಂದ ಮೂಡಿದ ಕಿರುಹೊತ್ತಗೆಗಳೂ ಆ ಕಾಲುವೆಯಾದುವು. ಭೌತವಿಜ್ಞಾನದ ಪ್ರಾಧ್ಯಾಪಕರಾದ ಆರ್. ಎಲ್. ನರಸಿಂಹಯ್ಯನವರು ‘ಜಗತ್ತುಗಳ ಹುಟ್ಟು ಸಾವು’ ಎಂದು ತಮ್ಮ ಗ್ರಂಥಕ್ಕೆ ಹೆಸರಿಟ್ಟಾಗ, ಆ ಹೆಸರಿನಲ್ಲಿ ಅಜ್ಜಿಗೂ ಅರ್ಥವಾಗದ ಪದವೊಂದೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ನಕ್ಷತ್ರವೂ ಹುಟ್ಟುತ್ತದೆ, ಸಾಯುತ್ತದೆ ಎಂದು ಇಷ್ಟು ನೇರವಾಗಿ ಹೇಳುವುದಕ್ಕೆ ಕನ್ನಡವು ಅಷ್ಟು ಹೊತ್ತಿಗೆ ಹದಗೊಂಡಿದ್ದಿತು.

ಬರೆದ ಮಾತಿಗಿಂತ ಎದುರು ನಿಂತು ಆಡುವ ಮಾತಿಗೆ ಒಂದು ಗುಣ ಹೆಚ್ಚು: ಕೇಳುವವನು ಎದ್ದು ನಿಂತು ಪ್ರಶ್ನಿಸಬಹುದು. ಅಮೆರಿಕದ ಒಹಾಯೋದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಆರಂಭಿಸಿದುದು ಈ ಗುಣವನ್ನು ಬಲ್ಲುದರಿಂದಲೇ ಇರಬೇಕು. ಪ್ರತಿ ಬುಧವಾರ ಸಂಜೆ ಅಲ್ಲೊಂದು ಉಪನ್ಯಾಸ. ಜುಲೈ ತಿಂಗಳು ಬಂದಿತೆಂದರೆ ದಿನಕ್ಕೊಂದು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಮೇಲೆಯೂ ಅವರು ವಾಸವಾಗಿದ್ದುದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ಬಾಲಕನಾಗಿದ್ದಾಗ ಗೌರಿಬಿದನೂರಿನ ಕಡೆಯ ಹೊಸೂರಿನಿಂದ, ಬಸ್ಸಿಗೆ ಕಾಸಿಲ್ಲದೆ, ಓದುವುದಕ್ಕಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದಿದ್ದವರು ಅವರು. ಅವರು ನೆಲೆಗೊಳಿಸಿದ ಬುಧವಾರದ ಆ ಸಭೆಗೆ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾಗಿದ್ದಿತು.